ರಿಲೇ ಬಗ್ಗೆ ಒಂದೇ ಸಾಲಾ?

ಮುಂಬೈ ಹತ್ತಿರದ ಡೊಂಬಿವಲಿಯ ಹೈಸ್ಕೂಲ್ ಹುಡುಗಿಯರ ಓಟದ ತಂಡ ಈ ಸಲ ಚುರುಕಾಗಿದೆ ಅಂತ ನಿಮ್ಮ ವರದಿಯಲ್ಲಿ ಬರೆದಿದ್ದೀರಿ, ಓದಿ ಖುಷಿಯಾಯಿತು. ಆದರೆ ನಾಲ್ವರು ತಲಾ 100 ಮೀಟರ್ ಓಡುವ 4x100 ರಿಲೇಗೆ ಒಂದೇ ಸಾಲು! ಅಸಲಿ ವಿಷಯ ಅಲ್ಲೇ ಇರೋದು ಅಲ್ವಾ? ಬೇಟನ್, ಅಂದರೆ ಓಟಗಾರರು ಒಬ್ಬರಿಂದ ಒಬ್ಬರಿಗೆ ದಾಟಿಸುವ ಕೋಲು, ಕೈ ಬದಲಾಗಲು ಇರುವುದು 30 ಮೀಟರ್ ಜಾಗ. ಮುಂದಿನವಳು ಹಿಂದೆ ತಿರುಗಿ ನೋಡಿದಳೋ, ವೇಗ ಹೋಯಿತು. ಹಿಂದಿನವಳ ಕೂಗು ಕೇಳಿದ ಕೂಡಲೇ ಅಂಗೈ ಹಿಂದಕ್ಕೆ ಚಾಚಿ ಓಡುತ್ತಲೇ ಇರಬೇಕು. ನನ್ನ ಮಗಳ ತಂಡ ಮಳೆಗಾಲದಲ್ಲಿ ಶಾಲೆಯ ವರಾಂಡದಲ್ಲೇ ಇದನ್ನು ಅಭ್ಯಾಸ ಮಾಡುತ್ತದೆ. ಮೈದಾನವೆಲ್ಲ ಕೆಸರು, ಇನ್ನೇನು ಮಾಡೋದು. ದಕ್ಷಿಣ ಮುಂಬೈನ ಪ್ರಿಯದರ್ಶಿನಿ ಪಾರ್ಕಿನಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇದೆ, ಸರಿ. ಲೋಕಲ್ ಹತ್ತಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಮಕ್ಕಳ ಕಸುವೆಲ್ಲ ರೈಲಲ್ಲೇ ಮುಗಿದಿರುತ್ತದೆ. ಆದರೂ ಸೀಸನ್‌ಗೆ ಮುಂಚೆ ಕೆಲವು ಭಾನುವಾರವಾದರೂ ಶಾಲೆಯವರು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಲಿ. ಸ್ಪೈಕ್ಸ್ (ಮೊಳೆ ಇರುವ ಓಟದ ಶೂ) ಹಾಕಿ ತಿರುವಿನಲ್ಲಿ ಓಡುವುದು ವರಾಂಡದಲ್ಲಿ ಬರಲ್ಲ.