ಧೂಳಿಗೆ 35 ಅಡಿ ತಗಡು

ಮುಂಬೈಯ ಚೆಂಬೂರಿನಲ್ಲಿ ನಮ್ಮ ಮನೆಯೆದುರು ಹಳೇ ಕಟ್ಟಡ ಕೆಡವಿ ಟವರ್ ಎಬ್ಬಿಸುತ್ತಿದ್ದಾರೆ. ಬಾಲ್ಕನಿಯಲ್ಲಿ ಕೂತು ಕಾಫಿ ಕುಡಿಯುವಾಗ ಗುಟುಕಿಗೊಮ್ಮೆ ಲೋಟದ ಮೇಲೆ ತಟ್ಟೆ ಮುಚ್ಚುವ ಅಭ್ಯಾಸ ನನಗಾಗಿದೆ.

ಗಾಬರಿ ಬೇಡ, ಕಾನೂನು ಇದೆ. 2023ರ ಅಕ್ಟೋಬರಿನಲ್ಲಿ ಮುಂಬೈ ಪಾಲಿಕೆ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, 70 ಮೀಟರಿಗಿಂತ ಎತ್ತರದ ಕಟ್ಟಡ ಕಟ್ಟುವವರು ಸುತ್ತಲೂ 35 ಅಡಿ ತಗಡು ನಿಲ್ಲಿಸಬೇಕು. 70 ಮೀಟರ್ ಅಂದರೆ ಹತ್ತಿರ ಹತ್ತಿರ 230 ಅಡಿ. ಇಪ್ಪತ್ತನೇ ಮಹಡಿಯಲ್ಲಿ ಹುಟ್ಟಿದ ಧೂಳು ಮರ್ಯಾದಸ್ಥರ ಹಾಗೆ ಮೆಟ್ಟಿಲಿಳಿದು ಬಂದು, ತಗಡು ಕಂಡು, ‘ಓಹೋ, ಇಲ್ಲಿ ದಾರಿಯಿಲ್ಲ’ ಎಂದು ಹಿಂತಿರುಗಬೇಕು. ಮೇಲಿನ ಮಹಡಿಗಳಿಗೆ ಹಸಿರು ಬಟ್ಟೆ. ಅದರ ತೂತುಗಳಲ್ಲಿ ಸೊಳ್ಳೆಗಳು ಸಂಸಾರ ಸಮೇತ ಹೋಗಿಬರುತ್ತವೆ. ಕೂದಲಿನ ದಪ್ಪದ ಮೂವತ್ತನೇ ಒಂದು ಪಾಲಿನಷ್ಟಿರುವ, ಪಿಎಂ 2.5 ಎಂಬ ಅತಿಸೂಕ್ಷ್ಮ ಧೂಳಿನ ಕಣ ಮಾತ್ರ ಸಿಕ್ಕಿಬೀಳುತ್ತದಂತೆ.

ಜೊತೆಗೆ ಆಂಟಿ ಸ್ಮಾಗ್ ಗನ್. ಮಂಜಿನಂತೆ ನೀರು ಉಗುಳುವ ಈ ಫಿರಂಗಿ ಗೇಟಿನ ಪಕ್ಕದಲ್ಲೇ ಇದೆ. ಅದರ ಮೂತಿಯ ಮೇಲೆ ವಾಚ್‌ಮನ್‌ನ ಅಂಗಿ ಒಣಗುತ್ತದೆ. ಒಂದು ದಿನ ಸರ್ಕಾರಿ ಜೀಪು ಬಂತು. ಅಂಗಿ ಇಳಿಯಿತು, ಗನ್ ಗುರ್ರೆಂದಿತು, ಫೋಟೊ ಆಯಿತು. ಜೀಪು ತಿರುವು ದಾಟುವಷ್ಟರಲ್ಲಿ ಅಂಗಿ ಸ್ವಸ್ಥಾನ ಸೇರಿತ್ತು.

ನಿಯಮದಿಂದ ಗಾಳಿ ಚೊಕ್ಕಟವಾಗುವುದೇ ಇಲ್ಲ ಎಂದರೆ ನಾಲಿಗೆಗೆ ಪಾಪ. ಹೈಕೋರ್ಟ್ ಹಿಡಿದ ಪಟ್ಟಿಗೆ 2000ದ ದಶಕದಲ್ಲಿ ಮುಂಬೈಯ ಕಪ್ಪು-ಹಳದಿ ‘ಕಾಳಿ-ಪೀಲಿ’ ಟ್ಯಾಕ್ಸಿಗಳು ಡೀಸೆಲ್ ಬಿಟ್ಟು ಸಿಎನ್‌ಜಿಗೆ ತಿರುಗಿದವು. ಮಾಟುಂಗಾದಲ್ಲಿ ನಾನು ಇಡ್ಲಿ ತಿನ್ನುವ ಹೋಟೆಲಿನ ಶೆಟ್ರು ಇದಕ್ಕೆ ಸಾಕ್ಷಿ. “ಆಗೆಲ್ಲ ಸಂಜೆ ಗಲ್ಲಾದಲ್ಲಿ ಕೂತು ಮೂಗು ಒರೆಸಿದ್ರೆ ಕರ್ಚೀಪು ಕಪ್ಪು ಮಾರಾಯ್ರೆ. ಈಗ ಬೂದು. ಇಂಪ್ರೂವ್‌ಮೆಂಟ್ ಉಂಟು!”

ಆದರೆ ಟ್ಯಾಕ್ಸಿಯವನ ಕಾಲರ್ ಕೈಗೆ ಸಿಗುತ್ತದೆ. ಬೇಕರಿಯವನದೂ ಅಷ್ಟೇ. ಸೌದೆ, ಇದ್ದಿಲು ಬಿಟ್ಟು ಗ್ಯಾಸಿಗೋ ಕರೆಂಟಿಗೋ ಬನ್ನಿ ಎಂದು 2025ರ ಜನವರಿಯಲ್ಲಿ ಕೋರ್ಟು ಕೊಟ್ಟದ್ದು ಆರೇ ತಿಂಗಳು. ಪಾವ್ ಸುಡುವವನಿಗೆ ಗಡುವು, ಸಿಮೆಂಟ್ ಸುರಿಯುವವನಿಗೆ ತಗಡು. ತಗಡಿನ ಮೇಲೆ ನಗುವ ಸಂಸಾರದ ಚಿತ್ರ, ಫ್ಲ್ಯಾಟಿನ ಜಾಹೀರಾತು, ‘ಹಸಿರು ಬದುಕು’ ಎಂಬ ಬರಹ. ಬರಹದ ಮೇಲೆ ಬೆರಳಾಡಿಸಿದರೆ ನಮ್ಮ ಹೆಸರನ್ನೂ ಬರೆಯಬಹುದು, ಅಷ್ಟು ಧೂಳು.

ಜೂನಿನಿಂದ ಸೆಪ್ಟೆಂಬರ್ ತನಕ ಮಾತ್ರ ಎಲ್ಲ ನಿಯಮವೂ ಅಚ್ಚುಕಟ್ಟಾಗಿ ಪಾಲನೆಯಾಗುತ್ತದೆ. ಗಾಳಿ ಎಷ್ಟು ಕೆಟ್ಟಿದೆಯೆಂದು ಹೇಳುವ ಎಕ್ಯುಐ ಅಂಕಿ ಇಳಿಯುತ್ತದೆ, ಆಕಾಶ ತೊಳೆದಿಟ್ಟಂತೆ. ದುಡಿಯುವವನು ಮಳೆರಾಯ, ಶಾಲು ಬೀಳುವುದು ಬೇರೆ ಹೆಗಲಿಗೆ.

ಕಳೆದ ಭಾನುವಾರ ನಮ್ಮ ಸೊಸೈಟಿಯ ಮೀಟಿಂಗು. ಮೊದಲ ವಿಷಯ ಎದುರಿನ ಧೂಳಿನ ಮೇಲೆ ದೂರು. ಎರಡನೆಯದು ನಮ್ಮದೇ ಕಟ್ಟಡದ ರಿಡೆವಲಪ್‌ಮೆಂಟ್, ಅಂದರೆ ಇದನ್ನೂ ಕೆಡವಿ ಹೊಸದು ಎಬ್ಬಿಸುವುದು. ಮೊದಲನೆಯದಕ್ಕೆ ಹೊತ್ತು ಸಾಲಲಿಲ್ಲ. ಎರಡನೆಯದಕ್ಕೆ ನಾನೂ ಸಹಿ ಹಾಕಿ ಬಂದೆ. ಬಾಲ್ಕನಿ ಈಗಿನದಕ್ಕಿಂತ ದೊಡ್ಡದು ಕೊಡುತ್ತಾರಂತೆ.