ಬಣ್ಣ ಸ್ವಲ್ಪ ಕಮ್ಮಿ

ಮುಂಬಯಿಯಲ್ಲಿ ಎರಡು ವಾರದಿಂದ ಸೂರ್ಯನ ಮುಖ ಯಾರೂ ಕಂಡಿಲ್ಲ. ಹಳಿಗಳ ಮೇಲೆ ನೀರು, ಲೋಕಲ್ ಲೇಟು, ಕೊಡೆಯ ಕಡ್ಡಿಗಳೆಲ್ಲ ಮುರಿದು ಕೈಗೆ ಬಂದಿವೆ. ಇಂಥದ್ದರಲ್ಲಿ ಡೊಂಬಿವಲಿಯಿಂದ ಮಾಟುಂಗಾದವರೆಗೆ ಪಾರ್ಲರುಗಳ ಬಾಗಿಲಲ್ಲಿ ಒಂದೇ ಬೋರ್ಡು: ‘ಆಷಾಢ ಆಫರ್! ಫುಲ್ ಬಾಡಿ ಡಿ-ಟ್ಯಾನ್!’ ಬಿಸಿಲೇ ಇಲ್ಲದ ಊರಲ್ಲಿ ಬಿಸಿಲಿನ ಕಪ್ಪು ತೆಗೆಯುವ ವ್ಯಾಪಾರ. ಎಂಟೆದೆ ಬೇಕು, ಮೆಚ್ಚಲೇಬೇಕು.

ಟ್ಯಾನ್ ಅಂದರೆ ಬಿಸಿಲಿಗೆ ಚರ್ಮ ಕಪ್ಪಾಗುವುದು. ಆದರೆ ರೇಟ್ ಕಾರ್ಡ್ ಓದಿ ನೋಡಿ: ಮುಖ, ಕುತ್ತಿಗೆ, ಪೂರ್ತಿ ಬೆನ್ನು, ಕಂಕುಳು. ಕಂಕುಳಿಗೆ ಯಾವ ಸೂರ್ಯ ಬಿದ್ದಿದ್ದ ಮಾರಾಯ್ರೆ? ಕಲ್ಯಾಣ್ ಫಾಸ್ಟಿನಲ್ಲಿ ಹಿಡಿಕೆ ಹಿಡಿದು ಕೈಯೆತ್ತಿ ನಿಂತರೂ ಅಲ್ಲಿಗೆ ತಲುಪುವುದು ಪಕ್ಕದವರ ಮೊಣಕೈ ಮಾತ್ರ. ಪಾರ್ಲರಿನ ಸಿದ್ಧಾಂತವೇ ಬೇರೆ. ಪ್ರತಿ ಕಪ್ಪು ಹೆಂಗಸಿನೊಳಗೂ ಒಬ್ಬಳು ಬೆಳ್ಳನೆಯವಳು ಕೂತಿದ್ದಾಳೆ. ಮೇಲಿನ ಸಿಪ್ಪೆ ಕಿತ್ತರೆ ಹೊರಗೆ ಬರುತ್ತಾಳೆ, ಹಲಸಿನ ತೊಳೆಯ ಹಾಗೆ.

ಅನೇಕ ಕಡೆ ಆ ಪ್ಯಾಕಿನಲ್ಲಿರುವುದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಅಮೋನಿಯದ ಹಳೇ ಬ್ಲೀಚು, ಡಬ್ಬಿ ಮಾತ್ರ ಹೊಸದು. ಅದು ಮುಖದ ನವಿರು ಕೂದಲನ್ನು ಹೊಂಬಣ್ಣಕ್ಕೆ ತಿರುಗಿಸುತ್ತದೆ. ಕೂದಲು ಕಾಣದಾದರೆ ಚರ್ಮ ತಿಳಿಯಾದ ಹಾಗೆ ಅನಿಸುತ್ತದೆ. ಕೂದಲು ಮತ್ತೆ ಬೆಳೆಯುತ್ತದೆ, ಗಿರಾಕಿ ಮತ್ತೆ ಬರುತ್ತಾಳೆ. ಪ್ಯಾಕೇಜಿನ ಪೂರ್ತಿ ಲಾಭ ಬೇಕಿದ್ದವರಿಗೆ ಒಂದೇ ದಿನ ಮೊದಲು ವ್ಯಾಕ್ಸ್, ಅದರ ಮೇಲೆ ಡಿ-ಟ್ಯಾನ್, ಕೊನೆಗೆ ಸ್ಕ್ರಬ್. ವ್ಯಾಕ್ಸಿನ ಜೊತೆ ಚರ್ಮದ ತೆಳು ಮೇಲ್ಪದರವೂ ಕಿತ್ತು ಹೋಗಿರುತ್ತದೆ. ಆ ಹಸಿ ಜಾಗಕ್ಕೆ ಬ್ಲೀಚ್ ಬಿದ್ದರೆ ಉರಿಯದೆ ಇನ್ನೇನು? ‘ಉರೀತಾ ಇದ್ಯಾ? ಹಾಗಾದ್ರೆ ಕೆಲಸ ಮಾಡ್ತಾ ಇದೆ’ ಅನ್ನುತ್ತಾಳೆ ಪಾರ್ಲರಿನ ಹುಡುಗಿ. ಕೆಲಸ ಮಾಡುವುದಂತೂ ನಿಜ. ಕಪ್ಪು ಚರ್ಮ ಎಲ್ಲಿ ಸುಟ್ಟರೂ, ಎಲ್ಲಿ ಕೆರಳಿದರೂ ಅಲ್ಲಿಗೆ ಇನ್ನಷ್ಟು ಮೆಲನಿನ್, ಅಂದರೆ ಚರ್ಮದ ಕಪ್ಪು ಬಣ್ಣ, ಸುರಿಯುತ್ತದೆ. ಆ ಕಲೆ ಮಾಸಲು ಮೂರು ತಿಂಗಳೂ ಬೇಕಾಗಬಹುದು, ವರ್ಷವೂ ಬೇಕಾಗಬಹುದು. ಮದುವೆಗೆ ಎರಡು ದಿನ ಇರುವಾಗ ಮಾಡಿಸಿಕೊಂಡವಳ ಆಲ್ಬಮ್ಮಿನಲ್ಲಿ ಕಲೆಯೂ ಬೀಗರ ಜೊತೆ ಸಾಲಾಗಿ ನಿಂತಿರುತ್ತದೆ.

ಇನ್ನು ನಮ್ಮ ಭಾಷೆ. ವಧು-ವರ ಸಮಾವೇಶದಲ್ಲಿ ಊಟದ ಸಾಲಿಗೆ ಕಿವಿಗೊಡಿ: ‘ಹುಡುಗಿ ಬಣ್ಣ ಸ್ವಲ್ಪ ಕಮ್ಮಿ, ಆದ್ರೆ ಲಕ್ಷಣವಾಗಿದಾಳೆ.’ ವಿಷಯ ಇದಕ್ಕೆ ಸರಿಯಾಗಿ ಉಲ್ಟಾ. ಬಣ್ಣ ತಯಾರಿಸುವ ಮೆಲನೊಸೈಟ್ ಕೋಶಗಳು ಎಲ್ಲರಲ್ಲೂ ಹೆಚ್ಚುಕಡಿಮೆ ಅಷ್ಟೇ. ಕಪ್ಪಗಿರುವವರಲ್ಲಿ ಅವು ಮೈಗಳ್ಳರಲ್ಲ, ಅಷ್ಟೇ. ಬಣ್ಣ ಕಮ್ಮಿ ಇರುವುದು ಆ ಮಾತು ಆಡಿದ ಬೆಳ್ಳನೆಯ ಚಿಕ್ಕಮ್ಮನಿಗೆ. ಮರಾಠಿಯವರು ಇನ್ನೂ ನಾಜೂಕು: ಬೆಳ್ಳನೆಯ ‘ಗೋರಿ’ಗೂ ಕಪ್ಪನೆಯ ‘ಸಾವಳಿ’ಗೂ ನಡುವೆ ‘ನಿಮಗೋರಿ’ ಅಂತ ಒಂದು ಮೆಟ್ಟಿಲು ಕಟ್ಟಿಕೊಂಡಿದ್ದಾರೆ. ನಮ್ಮಲ್ಲಿ ಎಣ್ಣೆಗೆಂಪು, ಗೋಧಿ ಬಣ್ಣ. ರಾಗಿಮುದ್ದೆ ತಿಂದು ಬೆಳೆದವರೂ ಬಯೋಡೇಟಾದಲ್ಲಿ ಗೋಧಿಯೇ. ರಾಗಿ ಬಣ್ಣ ಅಂತ ಬರೆದವರು ಯಾರಿದ್ದಾರೆ?

1975ರಲ್ಲಿ ಎರಡು ಸಂಗತಿ ನಡೆದವು. ಅಮೆರಿಕದ ಚರ್ಮವೈದ್ಯ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ ಬಿಸಿಲಿಗೆ ಯಾವ ಚರ್ಮ ಸುಡುತ್ತದೆ, ಯಾವುದು ಕಪ್ಪಾಗುತ್ತದೆ ಎಂದು ವರ್ಗ ಮಾಡಿದ. ಕಂದು ಮತ್ತು ಕಪ್ಪು ಚರ್ಮದ 5, 6ನೇ ವರ್ಗ ಸೇರಿದ್ದು ಆಮೇಲೆ. ಅದೇ ವರ್ಷ ಇಲ್ಲಿ ಫೇರ್ ಅಂಡ್ ಲವ್ಲಿ ಬಂತು. ಅವರು ನಮ್ಮನ್ನು ಮರೆತರು, ಇವರು ಚೆನ್ನಾಗಿ ನೆನಪಿಟ್ಟರು. 2020ರಲ್ಲಿ ‘ಫೇರ್’ ಹೋಗಿ ‘ಗ್ಲೋ’ ಆದ ಕತೆ ನಿಮಗೆ ಗೊತ್ತೇ ಇದೆ. ಬಾಂಬೆ ಮುಂಬಯಿ ಆದಾಗ ಹಿಂದ್‌ಮಾತಾದಲ್ಲಿ ನೀರು ನಿಲ್ಲುವುದು ತಪ್ಪಿತೇ?

ಕಪ್ಪು ಚರ್ಮಕ್ಕೆ ನಿಜವಾಗಿ ಬೇಕಾದದ್ದು ಬೋರು ಹೊಡೆಸುವಷ್ಟು ಸಾದಾ. ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 30ಕ್ಕೆ ಕಮ್ಮಿ ಇಲ್ಲದ ಸನ್‌ಸ್ಕ್ರೀನು, ಮುಖ-ಕುತ್ತಿಗೆಗೆ ಎರಡು ಬೆರಳುದ್ದ, ಹೊರಗಿದ್ದರೆ ಎರಡು ಗಂಟೆಗೊಮ್ಮೆ, ಬೆವರು ಒರೆಸಿ ಮತ್ತೆ. ಮೋಡವಿದ್ದರೂ ಬೇಕು, ಬಿಸಿಲಿನ ಕಣ್ಣಿಗೆ ಕಾಣದ ಯುವಿಎ ಕಿರಣ ಮೋಡಕ್ಕೆ ಕೇರ್ ಮಾಡುವುದಿಲ್ಲ. ಬಂಗು ಇದ್ದವರಿಗೆ ಐರನ್ ಆಕ್ಸೈಡ್ ಬೆರೆತ ಟಿಂಟೆಡ್, ಅಂದರೆ ಮೈಬಣ್ಣದ, ಬಗೆ ಒಳ್ಳೆಯದು. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಗಾಢ ಮಾಡುತ್ತದೆ, ಅದನ್ನು ಸಾದಾ ಸನ್‌ಸ್ಕ್ರೀನು ಅಷ್ಟಾಗಿ ತಡೆಯುವುದಿಲ್ಲ. ಬರೀ ಜಿಂಕ್ ಆಕ್ಸೈಡ್ ಬಳಿದರೆ ಮುಖ ವಿಭೂತಿ ಬಳಿದ ಹಾಗೆ. ಅಂಗಡಿಯಲ್ಲಿ ಟಿಂಟೆಡ್ ಕೇಳಿ ನೋಡಿ, ಕೊಡುವ ಟಿಂಟು ಆ ಚಿಕ್ಕಮ್ಮನದು. ಕಲೆಗೆ 5 ಪರ್ಸೆಂಟ್ ನಯಾಸಿನಮೈಡ್ ಅಥವಾ 10 ಪರ್ಸೆಂಟ್ ಅಜಿಲೇಯಿಕ್ ಆಸಿಡ್ ಇರುವ ಕ್ರೀಮು. ರೆಟಿನಾಲ್ ಕ್ರೀಮು ಆದರೆ ಬಟಾಣಿ ಕಾಳಿನಷ್ಟು, ಮೊದಮೊದಲು ವಾರಕ್ಕೆ ಎರಡು ರಾತ್ರಿ, ಬಸುರಿಯರಿಗೆ ಬೇಡವೇ ಬೇಡ. ನಿಂಬೆರಸವನ್ನು ಚಿತ್ರಾನ್ನಕ್ಕೆ ಬಿಡಿ. ಇದರಲ್ಲಿ ಯಾವುದಕ್ಕೂ ಆಷಾಢದ ಆಫರ್ ಇಲ್ಲ, ಅದಕ್ಕೇ ಬೋರ್ಡೂ ಇಲ್ಲ.

ನಗುವುದು ಇಲ್ಲಿಗೆ ಸಾಕು. ಕುತ್ತಿಗೆಯ ಹಿಂಭಾಗ, ಕಂಕುಳು ಮಖಮಲ್ಲಿನಂತೆ ದಪ್ಪಗಾಗಿ ಕಪ್ಪಾದರೆ ಅದು ಕೊಳೆಯಲ್ಲ, ಟ್ಯಾನೂ ಅಲ್ಲ. ಎಷ್ಟೋ ಸಲ ಅದು ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಸೂಚನೆ. ಮಾಡಿಸಬೇಕಾದದ್ದು ಸಕ್ಕರೆ ಪರೀಕ್ಷೆ. ನಾವು ಅಲ್ಲಿಗೆ ಸ್ಕ್ರಬ್ ಹಾಕಿ ತಿಕ್ಕುತ್ತೇವೆ, ತಿಕ್ಕಿದಷ್ಟೂ ಅದು ಕಪ್ಪಾಗುತ್ತದೆ, ಸಕ್ಕರೆ ಒಳಗೆ ಏರುತ್ತಲೇ ಇರುತ್ತದೆ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಮೂರೂ ಬೆರೆತ ಟ್ಯೂಬನ್ನು ಹೆಂಗಸರು ಫೇಸ್ ಕ್ರೀಮಿನಂತೆ ವರ್ಷಗಟ್ಟಲೆ ಹಚ್ಚುತ್ತಾರೆ. ಅದರಲ್ಲಿರುವುದು ಸ್ಟೀರಾಯ್ಡು. ಮುಖದ ಚರ್ಮ ತೆಳುವಾಗಿ ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ, ಬಿಟ್ಟರೆ ಉರಿದು ಮೊದಲಿಗಿಂತ ಕಪ್ಪು. 2018ರಲ್ಲಿ ಸರ್ಕಾರ ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡುಗಳನ್ನು ಚೀಟಿಯಿಲ್ಲದೆ ಮಾರಬಾರದು ಎಂದಿತು. ಮೆಡಿಕಲ್ ಸ್ಟೋರಿನವನು ಚೀಟಿ ಕೇಳಿದ್ದನ್ನು ಯಾರಾದರೂ ನೋಡಿದ್ದೀರಾ? ಅಕೋಲಾದಲ್ಲಿ ಒಂದೇ ಮನೆಯ ಹೆಂಗಸರ ಕಿಡ್ನಿ ಹಾಳಾಗಿ, ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಅವರ ಕ್ರೀಮನ್ನು ಪರೀಕ್ಷಿಸಿದರೆ ಸಿಕ್ಕಿದ್ದು ಪಾದರಸ. ಬಿಳುಪಿಗೆ ಕಿಡ್ನಿ ಬೆಲೆ. ಬೇಸರವಾಗುತ್ತದೆ, ಎಷ್ಟು ಸಲ ಅಂತ ಹೇಳುವುದು.

ಪಂಢರಪುರದ ವಿಠ್ಠಲನೂ ಕಪ್ಪು. ಅವನು ಕನ್ನಡದವನು ಅಂತ ಮರಾಠಿ ಸಂತರೇ ಹಾಡಿ ಒಪ್ಪಿಕೊಂಡಿದ್ದಾರೆ. ಹಾಲು, ಮೊಸರು, ಜೇನಿನ ಅಭಿಷೇಕಕ್ಕೂ ಭಕ್ತರ ಕೈಗಳಿಗೂ ಅವನ ಕಲ್ಲು ಸವೆಯತೊಡಗಿತು. ಪುರಾತತ್ವ ಇಲಾಖೆಯವರು ಬಂದು ನೋಡಿ ಇನ್ನಷ್ಟು ತಿಕ್ಕಿ ಎನ್ನಲಿಲ್ಲ. ಅಭಿಷೇಕಕ್ಕೆ ಕಡಿವಾಣ ಬಿತ್ತು, ಮೇಲೆ ರಕ್ಷಣೆಗೆ ವಜ್ರಲೇಪ. ‘ಫೇರ್’ ಹೋಗಿ ‘ಗ್ಲೋ’ ಬಂದ 2020ರಲ್ಲೂ ಲೇಪ ಬಳಿದರು. ಈ ರಾಜ್ಯದಲ್ಲಿ ಕಪ್ಪು ಮೈಗೆ ಸರಿಯಾದ ಚಿಕಿತ್ಸೆ ಸಿಕ್ಕ ಕೇಸು ಇದೊಂದೇ ಇರಬೇಕು.

ಆಷಾಢ ಏಕಾದಶಿ ಮುಗಿಯಿತು, ವಾರಿ, ಅಂದರೆ ಪಂಢರಪುರದ ಪಾದಯಾತ್ರೆ, ಮಾಡಿ ಆ ಕಪ್ಪು ಪಾದಕ್ಕೆ ಹಣೆ ಹಚ್ಚಿದವರು ಮನೆಗೆ ಮರಳುತ್ತಿದ್ದಾರೆ. ಬೋರ್ಡಿನ ಕೆಳಗೆ ಇಷ್ಟರಲ್ಲೇ ಇನ್ನೊಂದು ಸಾಲು ಸೇರಿರುತ್ತದೆ: ‘ವಾರಿಗೆ ಹೋಗಿ ಬಂದ ಭಗಿನಿಯರಿಗೆ ಡಿ-ಟ್ಯಾನ್ ಮೇಲೆ 10 ಪರ್ಸೆಂಟ್ ಹೆಚ್ಚಿನ ರಿಯಾಯಿತಿ.’