ತಿಜೋರಿಯಲ್ಲಿ ನಿಂತುಹೋದ ಗಡಿಯಾರಗಳು

ನಿನ್ನೆ ಇಲ್ಲೇ ಬಳ್ಳಾರಿಯಲ್ಲಿ ಬಂಧುಗಳೊಬ್ಬರ ಗೃಹಪ್ರವೇಶದ ಊಟ ಮುಗಿದ ಮೇಲೆ ಮನೆಯ ಯಜಮಾನರು ತಿಜೋರಿ ತೆರೆದು ಒಂದು ಕೈಗಡಿಯಾರ ತೋರಿಸಿದರು. ಇಡೀ ಜಗತ್ತಿಗೆ ಕೆಲವೇ ನೂರು ತಯಾರಾದ, ಹಿಂಬದಿಯಲ್ಲಿ ಕ್ರಮಸಂಖ್ಯೆ ಕೆತ್ತಿದ ಸ್ವಿಸ್ ಗಡಿಯಾರ ಅದು. ಕೊಂಡು ವರ್ಷಗಳಾದರೂ ಗಾಜಿನ ಮೇಲಿನ ಪ್ಲಾಸ್ಟಿಕ್ ಹಾಳೆ ಕಿತ್ತಿರಲಿಲ್ಲ, ಮುಳ್ಳುಗಳು ನಿಂತೇ ಇದ್ದವು. ನಾನು ಕೈಗೆತ್ತಿಕೊಂಡೊಡನೆ, "ಕೀಲಿ ಕೊಡಬ್ಯಾಡಪ್ಪ, ರೇಟು ಬೀಳ್ತದೆ" ಎಂದು ತಡೆದರು. ಹಿರಿಯರೆಂದು ಸುಮ್ಮನೆ ಬಂದೆ. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಇದನ್ನು ಸಂಗ್ರಹ ಎಂದು ಒಪ್ಪಿಕೊಳ್ಳಲು ನನ್ನಿಂದ ಆಗುವುದಿಲ್ಲ. ಕೀಲಿ ಕೊಟ್ಟಾಗ ಸುತ್ತಿಕೊಂಡ ಸ್ಪ್ರಿಂಗು ಮೆಲ್ಲಗೆ ಬಿಚ್ಚಿಕೊಳ್ಳುತ್ತಾ ಹಲ್ಲಿನ ಚಕ್ರಗಳನ್ನು ತಿರುಗಿಸುತ್ತದೆ. ಆ ಓಟವನ್ನು ಬ್ಯಾಲೆನ್ಸ್ ಚಕ್ರ ತಡೆದು ತಡೆದು ಬಿಡುತ್ತದೆ. ಇಂದಿನ ಬಹಳಷ್ಟು ಗಡಿಯಾರಗಳಲ್ಲಿ ಇದು ಸೆಕೆಂಡಿಗೆ 8 ಸಲ, ಅಂದರೆ ಗಂಟೆಗೆ 28,800 ಸಲ ನಡೆಯುತ್ತದೆ. ಕುಶಲಕರ್ಮಿಯ ವಿದ್ಯೆಯೆಲ್ಲ ಇರುವುದು ಈ ಚಲನೆಯಲ್ಲಿಯೇ. ಸ್ವಿಸ್ ಗಡಿಯಾರ ತಯಾರಕ ಫಿಲಿಪ್ ಡ್ಯುಫೋರ್ ಅವರ 'ಸಿಂಪ್ಲಿಸಿಟಿ' ಗಡಿಯಾರಗಳು ಇರುವುದು ಸುಮಾರು 200 ಮಾತ್ರ, ಏಕೆಂದರೆ ಒಳಗಿನ ಪುಟ್ಟ ಪುಟ್ಟ ಭಾಗಗಳ ಅಂಚನ್ನೂ ಕೈಯಿಂದಲೇ ಉಜ್ಜಿ ಹೊಳಪು ತರುವವರಿಗೆ ಅದಕ್ಕಿಂತ ಹೆಚ್ಚು ಮಾಡಲಾಗುವುದಿಲ್ಲ. ಅಂಥ ದುಡಿಮೆಯನ್ನು ಕತ್ತಲಲ್ಲಿ ನಿಲ್ಲಿಸಿಡುವುದು ಮಾಡಿದವರಿಗೆ ತೋರುವ ಅಗೌರವ.

ನನ್ನ ಹಿನ್ನೆಲೆ ಬಲ್ಲ ಗೆಳೆಯರಿಗೆ ಈ ಕೋಪದ ಮೂಲವೂ ಗೊತ್ತು. ನಮ್ಮ ತಂದೆಯವರ ಬಳಿ ಇದ್ದದ್ದು ಎಚ್‌ಎಂಟಿ ಜನತಾ. ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಗಡಿಯಾರ ಉದ್ಯಮವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು; ಅವರ ಜನತಾ ಇಂದಿಗೂ ನನ್ನ ಕೈಯಲ್ಲಿ ಓಡುತ್ತಿದೆ. ದಿನವೂ ಬೆಳಿಗ್ಗೆ ಸ್ನಾನ ಮುಗಿಸಿ ಅವರು ಕೀಲಿ ಕೊಡುತ್ತಿದ್ದುದನ್ನು ನೋಡಿಯೇ ನನಗೆ ಈ ಹುಚ್ಚು ಹತ್ತಿದ್ದು.

ನಮ್ಮೂರಿನ ಬಿಸಿಲು, ಬೆವರು, ಗಣಿಯ ಕೆಂಪು ಧೂಳಿನಲ್ಲಿ ದುಬಾರಿ ಗಡಿಯಾರ ಕಟ್ಟುವುದು ಹೇಗೆ ಎನ್ನುವವರಿದ್ದಾರೆ. ಮುಖವನ್ನು ಒಳಗೆ ತಿರುಗಿಸಿಡಬಹುದಾದ, ಜೇಗರ್-ಲಿಕೂಲ್ಟ್ರ್ ಕಂಪನಿಯ ರಿವರ್ಸೋ ಗಡಿಯಾರ 1931ರಲ್ಲಿ ಹುಟ್ಟಿದ್ದೇ ಭಾರತದಲ್ಲಿ ಪೋಲೋ ಆಡುತ್ತಿದ್ದ ಬ್ರಿಟಿಷ್ ಅಧಿಕಾರಿಗಳ ಗಡಿಯಾರದ ಗಾಜು ಒಡೆಯಬಾರದೆಂದು. ನಮ್ಮ ನೆಲದ ಮೈದಾನಗಳಿಗೆಂದೇ ರೂಪುಗೊಂಡ ಗಡಿಯಾರವೂ ಇದೆ ಎಂದ ಮೇಲೆ ಧೂಳಿನ ನೆಪ ನಿಲ್ಲುವುದಿಲ್ಲ. ಇನ್ನು ತಿಜೋರಿಯಲ್ಲಿ ಇಟ್ಟರೆ ಕೆಡುವುದಿಲ್ಲವೆಂಬುದೂ ಸುಳ್ಳು: ಒಳಗಿನ ಎಣ್ಣೆ ಕಾಲಕ್ರಮದಲ್ಲಿ ಒಣಗುತ್ತದೆ, ನೀರು ತಡೆಯುವ ರಬ್ಬರ್ ಉಂಗುರ ಗಡುಸಾಗುತ್ತದೆ.

ಉಳಿದದ್ದು ಬೆಲೆಯ ಮಾತು. ಅಮೆರಿಕದ ಆಭರಣ ಸಂಸ್ಥೆ ಟಿಫನಿ ಜೊತೆಗಿನ 170 ವರ್ಷಗಳ ನಂಟಿನ ನೆನಪಿಗೆ ಸ್ವಿಸ್ ಗಡಿಯಾರ ಕಂಪನಿ ಪಾಟೆಕ್ ಫಿಲಿಪ್ 2021ರಲ್ಲಿ 170 ನಾಟಿಲಸ್ ಗಡಿಯಾರಗಳನ್ನು ಮಾಡಿತು. ಅವುಗಳಲ್ಲೊಂದು ಅದೇ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ ಸುಮಾರು 65 ಲಕ್ಷ ಡಾಲರಿಗೆ ಹೋಯಿತು. ಹೊಸದಾಗಿ ಇಟ್ಟರಷ್ಟೇ ಹಣ ಎನ್ನುವವರು ಇದನ್ನೇ ಎತ್ತಿ ತೋರಿಸುತ್ತಾರೆ. ಆದರೆ 2017ರಲ್ಲಿ ಅದೇ ಊರಿನಲ್ಲಿ ನಟ ಪಾಲ್ ನ್ಯೂಮನ್ ಅವರ ರೋಲೆಕ್ಸ್ ಡೇಟೋನಾ 1 ಕೋಟಿ 77 ಲಕ್ಷ ಡಾಲರ್ ಮೀರಿತ್ತು. ಅದು ಅವರು ವರ್ಷಗಟ್ಟಲೆ ಕಟ್ಟಿಕೊಂಡಿದ್ದ ಗಡಿಯಾರ; ಕಾರನ್ನು ಎಚ್ಚರದಿಂದ ಓಡಿಸು ಎಂದು ಹೆಂಡತಿ ಹಿಂಬದಿಯಲ್ಲಿ ಕೆತ್ತಿಸಿ ಕೊಟ್ಟದ್ದು. ಎಲ್ಲರ ಗಡಿಯಾರಕ್ಕೂ ಅಂಥ ಬೆಲೆ ಬಾರದು, ಒಪ್ಪುತ್ತೇನೆ. ಕಟ್ಟಿದರೆ ಗೀರು ಬೀಳುತ್ತದೆ, ಬೆಲೆಯೂ ಇಳಿಯಬಹುದು. ಅಷ್ಟನ್ನು ಸಹಿಸಲಾಗದವರು ಬಂಗಾರವನ್ನೋ ಹೊಲವನ್ನೋ ಕೊಳ್ಳಲಿ. ಎಣಿಸಿ ಮಾಡಿದ ಗಡಿಯಾರಗಳಲ್ಲಿ ಒಂದು ತಿಜೋರಿ ಸೇರಿದರೆ, ಅದನ್ನು ದಿನವೂ ಕೀಲಿ ಕೊಟ್ಟು ಕಟ್ಟಿಕೊಳ್ಳಬಹುದಾಗಿದ್ದ ಒಬ್ಬರಿಗೆ ಅದು ತಪ್ಪಿಹೋಗುತ್ತದೆ.